ಪಂಕ್ತಿಯಲ್ಲಿ ಪಕ್ಕದವರು ಯಾರು?

ಮಕ್ಕಳ ಪದವಿಯನ್ನು ಕಣ್ತುಂಬಿಕೊಳ್ಳಲು ಬೆಳಗಿನ ಬಸ್ ಹಿಡಿದು ಬಂದಿರುವ ತಂದೆ ತಾಯಂದಿರೇ, ಮತ್ತು ಈ ಸೆಕೆಯಲ್ಲಿ ಗೌನು ತೊಟ್ಟು ನನ್ನ ಮಾತು ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿರುವ ಪದವೀಧರರೇ,

ಧರ್ಮ, ನೀತಿ, ಸಮಾಜ ಎಂದು ಆಮಂತ್ರಣ ಪತ್ರಿಕೆಯಲ್ಲಿ ನನ್ನ ಭಾಷಣದ ವಿಷಯ ಅಚ್ಚಾಗಿದೆ. ಈ ಮೂರು ಶಬ್ದ ಒಂದೇ ಸಾಲಿನಲ್ಲಿ ಕಂಡರೆ ಅರ್ಧ ಸಭೆಗೆ ಆಕಳಿಕೆ ಬರುತ್ತದೆ, ಉಳಿದರ್ಧಕ್ಕೆ ಸಿಟ್ಟು ಬರುತ್ತದೆ. ಎರಡೂ ಬೇಡ. ನಾನು ಹೆದ್ದಾರಿಯಿಂದ ಶುರು ಮಾಡುತ್ತೇನೆ.

2016ರ ಫೆಬ್ರುವರಿ. ನಮ್ಮದೇ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಯುವಕನೊಬ್ಬ ಬೈಕಿನಲ್ಲಿ ಬೆಂಗಳೂರಿಗೆ ಹೊರಟಿದ್ದ. ನೆಲಮಂಗಲದ ಹತ್ತಿರ ಲಾರಿ ಹರಿದು ದೇಹ ಎರಡು ಭಾಗವಾಯಿತು. ಪ್ರಜ್ಞೆ ಇನ್ನೂ ಇತ್ತು. ಕಾಪಾಡಿ ಎಂದು ಕೂಗಿದ. ಉಳಿಯುವುದಿಲ್ಲವೆಂದು ತಿಳಿದಾಗ ತನ್ನ ಅಂಗಗಳನ್ನಾದರೂ ಯಾರಿಗಾದರೂ ಕೊಡಿ ಎಂದ. ಸುತ್ತ ನಿಂತವರಲ್ಲಿ ಕೆಲವರು ವಿಡಿಯೊ ಮಾಡುತ್ತಿದ್ದರು. ಮರುವರ್ಷ ಫೆಬ್ರುವರಿಯಲ್ಲಿ ಕೊಪ್ಪಳದಲ್ಲಿ ಸೈಕಲ್ ಮೇಲಿದ್ದ ಹುಡುಗನಿಗೆ ಬಸ್ ಬಡಿಯಿತು. ಅವನು ರಕ್ತದ ಮಡುವಿನಲ್ಲಿ ಬಿದ್ದು ಕೈಚಾಚುತ್ತಿದ್ದಾಗಲೂ ಮೊಬೈಲುಗಳು ಮೇಲೆದ್ದವು.

ಆ ಗುಂಪುಗಳಲ್ಲಿ ನಾಸ್ತಿಕರೇ ತುಂಬಿದ್ದರು ಎಂದು ಹೇಳುವ ಧೈರ್ಯ ಯಾರಿಗಿದೆ? ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಬಂದವರು, ಶುಕ್ರವಾರದ ನಮಾಜು ತಪ್ಪಿಸದವರು, ಭಾನುವಾರ ಚರ್ಚಿಗೆ ಹೋಗುವವರು ಅಲ್ಲಿ ಖಂಡಿತ ಇದ್ದಿರಬೇಕು. ನಮ್ಮ ನಾಡಿನ ಯಾವ ಗುಂಪಿನಲ್ಲಿ ಇರುವುದಿಲ್ಲ ಹೇಳಿ.

ನಂಬಿಕೆ ಇದ್ದವರು ನೊಂದವರಿಗಾಗಿ ನಿಲ್ಲುತ್ತಾರೆಯೇ ಎಂಬ ಪ್ರಶ್ನೆಯನ್ನು ಅಮೆರಿಕದ ಇಬ್ಬರು ಮನಃಶಾಸ್ತ್ರಜ್ಞರು, ಡಾರ್ಲಿ ಮತ್ತು ಬ್ಯಾಟ್ಸನ್, 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೆದಕಿದ್ದಾರೆ. ಪ್ರಿನ್ಸ್‌ಟನ್ನಿನ ದೈವಶಾಸ್ತ್ರ ವಿದ್ಯಾಲಯದ ವಿದ್ಯಾರ್ಥಿಗಳು, ಅಂದರೆ ಮುಂದೆ ಪಾದ್ರಿಗಳಾಗುವವರು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಿ ಚಿಕ್ಕದೊಂದು ಭಾಷಣ ಮಾಡಬೇಕು. ಕೆಲವರಿಗೆ ಕೊಟ್ಟ ವಿಷಯ ಬೈಬಲಿನ ದಯಾಳು ಸಮಾರ್ಯನ ಕಥೆ: ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಪುರೋಹಿತ ದಾಟಿ ಹೋದ, ಬೇರೆ ಪಂಗಡದವನು ಎತ್ತಿ ಉಪಚರಿಸಿದ. ಇನ್ನು ಕೆಲವರಿಗೆ ಉದ್ಯೋಗಾವಕಾಶದ ಬಗೆಗಿನ ಒಣ ವಿಷಯ. ಹೊರಡುವಾಗ ಕೆಲವರಿಗೆ 'ಆಗಲೇ ತಡವಾಗಿದೆ, ಓಡಿ' ಎಂದರು, ಕೆಲವರಿಗೆ 'ಸಮಯವಿದೆ' ಎಂದರು. ದಾರಿಯ ಓಣಿಯಲ್ಲಿ ಒಬ್ಬನನ್ನು ಕೆಮ್ಮುತ್ತಾ ನರಳುತ್ತಾ ಕುಸಿದು ಕೂರುವಂತೆ ಏರ್ಪಾಟು ಮಾಡಿದ್ದರು.

ಬಿಡುವಿದ್ದವರಲ್ಲಿ ನೂರಕ್ಕೆ 63 ಜನ ನಿಂತು ಸಹಾಯ ಮಾಡಿದರು. ತೀರಾ ಅವಸರದಲ್ಲಿದ್ದವರಲ್ಲಿ ನಿಂತವರು ನೂರಕ್ಕೆ 10. ಸಮಾರ್ಯನ ಕಥೆ ಹೇಳಲು ಹೊರಟಿದ್ದವರಲ್ಲೇ ಕೆಲವರು ಆ ಮನುಷ್ಯನನ್ನು ದಾಟಿಕೊಂಡು ಹೋದರು. ಅವರವರ ಧಾರ್ಮಿಕ ನಂಬಿಕೆಯ ಬಗೆ ಯಾವುದು ಎಂಬುದರಿಂದ ಯಾರು ನಿಲ್ಲುತ್ತಾರೆ ಎಂದು ಹೇಳಲಾಗಲಿಲ್ಲ. ಒಟ್ಟು ಪ್ರಯೋಗಕ್ಕೆ ಒಳಗಾದವರು 40 ಜನ, ದೊಡ್ಡ ಸಂಖ್ಯೆಯೇನಲ್ಲ. ಆದರೂ ವಾಚು ನೋಡಿಕೊಂಡು ಬದುಕುವ ನಮಗೆ ಅಷ್ಟೇ ಸಾಕು.

ನಂಬಿಕೆಯಿಂದಷ್ಟೇ ಕೆಲಸ ಸಾಗದು ಎಂದು ನಾನು ಹೇಳುವುದು ಇದಕ್ಕೇ. ಇನ್ನೊಬ್ಬರಿಗಾಗಿ ನಿಲ್ಲುವುದು ಕೈಗೆ ರೂಢಿಯಾಗಬೇಕು. ರೂಢಿ ಮಾಡಿಸಲು ಒಂದು ಜಾಗ ಬೇಕು, ದಿನಾ ನಡೆಯುವ ಒಂದು ಕೆಲಸ ಬೇಕು. ಧರ್ಮ ನಮ್ಮ ಸೀಮೆಯಲ್ಲಿ ಮಾಡಿದ ದೊಡ್ಡ ಉಪಕಾರ ಅಂಥ ಜಾಗಗಳನ್ನು ಕಟ್ಟಿದ್ದು. ಪಕ್ಕದ ಸಿದ್ಧಗಂಗಾ ಮಠಕ್ಕೆ ಊಟದ ಹೊತ್ತಿಗೆ ಹೋಗಿ ನೋಡಿ. ಆಳೆತ್ತರದ ಪಾತ್ರೆಗಳಲ್ಲಿ ಸಾರು ಕುದಿಯುತ್ತಿರುತ್ತದೆ. ಹಳ್ಳಿಯವರು ಗಾಡಿಯಲ್ಲಿ ತಂದಿಳಿಸಿದ ರಾಗಿ, ತರಕಾರಿ, ತೆಂಗಿನಕಾಯಿ ರಾಶಿ ಬಿದ್ದಿರುತ್ತದೆ. ತಟ್ಟೆ ಹಿಡಿದ ಸಾವಿರಾರು ಹುಡುಗರು ಸಾಲಾಗಿ ಕೂರುತ್ತಾರೆ. ಪಕ್ಕದವನ ಜಾತಿ ಕೇಳುವಷ್ಟು ಪುರಸೊತ್ತು ಹಸಿದ ಹುಡುಗನಿಗೆ ಇರುವುದಿಲ್ಲ. 1941ರಿಂದ 2019ರವರೆಗೆ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳು ಭಕ್ತರ ಮನೆಮನೆಗೆ ಹೋಗಿ ಭಿಕ್ಷೆ ತಂದು ಈ ಒಲೆ ಉರಿಸಿದರು. ಇಲ್ಲಿ ಕುಳಿತ ತಂದೆಯರಲ್ಲಿ ಕೆಲವರಾದರೂ ಅಲ್ಲಿನ ಮುದ್ದೆ ಉಂಡು ಓದಿದವರು ಇದ್ದೀರಿ ಎಂದು ನನ್ನ ಅಂದಾಜು. 2002ರಲ್ಲಿ ಸರ್ಕಾರ ಶಾಲೆಗಳಲ್ಲಿ ಬಿಸಿಯೂಟ ಶುರು ಮಾಡಿದಾಗ ಅದಕ್ಕೆ ಅಕ್ಷರ ದಾಸೋಹ ಎಂದೇ ಹೆಸರಿಟ್ಟಿತು. ದಾಸೋಹ ಎಂಬುದು ಮಠದ ಅನ್ನದಾನಕ್ಕೆ ಇರುವ ಹೆಸರು.

ಇಷ್ಟಕ್ಕೇ ನಿಲ್ಲಿಸಿದರೆ ಇದು ಮಠದ ಗುಣಗಾನವಾದೀತು, ನೀವೂ ಚಪ್ಪಾಳೆ ತಟ್ಟಿ ಮನೆಗೆ ಹೋಗಬಹುದು.

ಆದರೆ ಊಟಕ್ಕೆ ಒಟ್ಟಿಗೆ ಕೂರಿಸಿದ ಧರ್ಮವೇ ಊಟದಿಂದ ಎಬ್ಬಿಸಿದೆ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದಲ್ಲಿ ಹುಟ್ಟಿದ ಹಾಸ್ಟೆಲುಗಳು ಬಹುತೇಕ ಒಂದೊಂದು ಜಾತಿಯವು. ಅವು ಸಾವಿರಾರು ಹಳ್ಳಿ ಹುಡುಗರನ್ನು ಓದಿಸಿದವು, ನಿಜ. ಬೇಲಿಯನ್ನೂ ಹಾಗೇ ಉಳಿಸಿದವು. ಕುಕ್ಕೆ ಸುಬ್ರಹ್ಮಣ್ಯ ದೇವಸ್ಥಾನದಲ್ಲಿ ಬ್ರಾಹ್ಮಣರು ಉಂಡ ಎಲೆಗಳ ಮೇಲೆ ಉರುಳುವ ಮಡೆಸ್ನಾನವನ್ನು ತಡೆಯಲು ನಮಗೆ 2017ರಲ್ಲಿ ಒಂದು ಕಾಯ್ದೆಯೇ ಬೇಕಾಯಿತು. ಬಿಸಿಯೂಟ ಬೇಯಿಸಿದ್ದು ದಲಿತ ಹೆಣ್ಣುಮಗಳು ಎಂಬ ಕಾರಣಕ್ಕೆ ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡು ಹೋದ ಪಾಲಕರ ಸುದ್ದಿ ಈಗಲೂ ಪತ್ರಿಕೆಯ ಒಳಪುಟದಲ್ಲಿ ಬರುತ್ತದೆ. ಆ ಪಾಲಕರನ್ನು ಕೇಳಿ ನೋಡಿ, ನಾವು ನೀತಿವಂತರಲ್ಲ ಎಂದು ಒಬ್ಬರೂ ಒಪ್ಪುವುದಿಲ್ಲ. ತಮ್ಮವರ ಮದುವೆಗೆ ಹಗಲಿರುಳು ದುಡಿಯುತ್ತಾರೆ, ತಮ್ಮವರ ಸಾವಿಗೆ ಹೆಗಲು ಕೊಡುತ್ತಾರೆ.

ತಮ್ಮವರ ಮಟ್ಟಿಗಷ್ಟೇ ನಿಲ್ಲುವ ನೀತಿಯ ಈ ಗಂಟನ್ನು ಅಂಬೇಡ್ಕರ್ ಅವರಷ್ಟು ಚೆನ್ನಾಗಿ ಬಿಚ್ಚಿ ತೋರಿಸಿದವರನ್ನು ನಾನು ಓದಿಲ್ಲ. ಅವರು ತೀರಿಕೊಂಡ ಮೇಲೆ, 1957ರಲ್ಲಿ ಹೊರಬಂದ 'ಬುದ್ಧ ಮತ್ತು ಆತನ ಧಮ್ಮ' ಕೃತಿಯಲ್ಲಿ ಅವರ ವಾದ ಇದು: ಕಳ್ಳರ ಗುಂಪಿನಲ್ಲೂ ನೀತಿ ಇದೆ, ವ್ಯಾಪಾರಿಗಳಲ್ಲೂ ಇದೆ, ಜಾತಿಯೊಳಗೂ ಇದೆ, ಅದು ತಮ್ಮವರನ್ನು ಕಾಯಲು ಇರುವ ನೀತಿ, ಹೊರಗಿನವರಿಗೆ ಅದೇ ಅಪಾಯ. ಆದ್ದರಿಂದ ಬರೀ ನೀತಿ ಸಾಲದು, ಅದು ಎಲ್ಲರಿಗೂ ಅನ್ವಯಿಸಬೇಕು, ಮುರಿಯಲಾಗದಷ್ಟು ಪವಿತ್ರವೂ ಆಗಬೇಕು. ಅವರು ಹಿಂದೂ ಧರ್ಮ ಬಿಟ್ಟರು, ಧರ್ಮದ ಹಂಬಲ ಬಿಡಲಿಲ್ಲ. ದೇವರಿಗೆ ಇದ್ದ ಜಾಗದಲ್ಲಿ ನೀತಿಯನ್ನು ಕೂರಿಸಿದ ಧರ್ಮವನ್ನು ಆರಿಸಿಕೊಂಡು 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ದೀಕ್ಷೆ ಪಡೆದರು. ಒಬ್ಬರೇ ಮನೆಯಲ್ಲಿ ಕೂತು ಮತ ಬದಲಿಸಬಹುದಿತ್ತು. ಜನರ ಜೊತೆಗೇ ಆಗಬೇಕು ಎಂಬುದರಲ್ಲಿ ಅವರ ಅರ್ಧ ವಿಚಾರ ಅಡಗಿದೆ.

ನಿಮ್ಮಲ್ಲಿ ಹಲವರು ಇನ್ನು ಕೆಲವೇ ದಿನಗಳಲ್ಲಿ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತೀರಿ. ಜಾತಿ ಊರಿನಲ್ಲೇ ಉಳಿಯಿತು ಎಂದುಕೊಂಡು ಹೋದವರಿಗೆ ಗೇಟಿನಲ್ಲಿ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಬೋರ್ಡು ಸಿಗುತ್ತದೆ. ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸದವರಿಗೆ, ಊಟ ತಂದುಕೊಡುವ ಹುಡುಗರಿಗೆ ಬೇರೆ ಲಿಫ್ಟು. ಪಂಕ್ತಿಭೇದಕ್ಕೆ ಈಗ ಬಟನ್ ಬಂದಿದೆ, ಅಷ್ಟೇ. ಹೆಸರು ನೋಡಿ ಬಾಡಿಗೆಗೆ ಮನೆ ನಿರಾಕರಿಸುವುದನ್ನು ನಿಮ್ಮ ಮುಸ್ಲಿಂ ಸಹಪಾಠಿಗಳನ್ನು ಕೇಳಿ ತಿಳಿಯಿರಿ, ನಾನು ಹೇಳುವುದಕ್ಕಿಂತ ಚೆನ್ನಾಗಿ ಹೇಳುತ್ತಾರೆ.

ಹಾಗಿದ್ದೂ ನಗರ ಕೊಡುವ ಬಿಡುಗಡೆ ದೊಡ್ಡದು. ಅಜ್ಜನ ಹೆಸರು ಕೇಳದೆ ಕೆಲಸ ಕೊಡುವ ಊರು ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ಉಸಿರು ಕೊಟ್ಟಿದೆ. ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಅಲ್ಲಿ ಒಂದು ವಾರ ಜ್ವರ ಬಂದು ಮಲಗಿ ನೋಡಿ, ಬಾಗಿಲು ತಟ್ಟುವವರು ಯಾರೆಂದು ತಿಳಿಯುತ್ತದೆ. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಒಂಟಿತನದ ಸಮಸ್ಯೆಗೆಂದೇ ಸಚಿವರನ್ನು ನೇಮಿಸಿದವು. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ. ಅದರ ನಂಟಿನ ಸಾವುಗಳು ವರ್ಷಕ್ಕೆ ಎಂಟು ಲಕ್ಷ ಮೀರುತ್ತವೆ. ಹೀಗೆ ಒಂಟಿಯಾದವರನ್ನು ಗುಂಪು ಕಟ್ಟುವುದು ಬಲು ಸುಲಭ. ದ್ವೇಷ ಹಂಚುವ ವಾಟ್ಸ್‌ಆ್ಯಪ್ ಗುಂಪಿಗೆ ಸೇರಲು ಶುಲ್ಕವಿಲ್ಲ. ಅಲ್ಲಿ ಹಬ್ಬದ ಶುಭಾಶಯವೂ ಬರುತ್ತದೆ, ಪಕ್ಕದ ಬೀದಿಯವರ ಮೇಲಿನ ಸುಳ್ಳೂ ಬರುತ್ತದೆ, ಎರಡಕ್ಕೂ ಕೈಮುಗಿದ ಚಿತ್ರ ಬೀಳುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? 1974ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಕುವೆಂಪು ಪದವೀಧರರನ್ನು ವಿಚಾರಕ್ರಾಂತಿಗೆ ಕರೆದರು. ಆ ಕರೆಗೆ ನಾವಿನ್ನೂ ಸರಿಯಾಗಿ ಓಗೊಟ್ಟಿಲ್ಲ. ನಾನು ಅದರ ಜೊತೆಗೆ ಕೇಳುವುದು ಸಣ್ಣದು. ದೇವರನ್ನು ನಂಬಿ, ಬಿಡಿ, ಅದು ನಿಮ್ಮ ಇಷ್ಟ. ವಾರಕ್ಕೊಮ್ಮೆಯಾದರೂ ನಿಮ್ಮ ಜಾತಿಯಲ್ಲದ, ಮತವಲ್ಲದ, ಸಂಬಳದ ಮಟ್ಟವಲ್ಲದ ಜನರೊಡನೆ ಏನಾದರೊಂದು ಕೆಲಸದಲ್ಲಿ ಕೈಜೋಡಿಸಿ. ರಕ್ತದಾನ ಶಿಬಿರವಾಗಲಿ, ಕೆರೆ ಹೂಳೆತ್ತುವುದಾಗಲಿ, ಸರ್ಕಾರಿ ಶಾಲೆಯ ಮಕ್ಕಳಿಗೆ ಸಂಜೆ ಲೆಕ್ಕ ಹೇಳಿಕೊಡುವುದಾಗಲಿ. ಕೆಲಸ ಮುಗಿದ ಮೇಲೆ ಒಟ್ಟಿಗೆ ಕೂತು ಉಣ್ಣಿ. ಅವರ ಮನೆಯ ಅಡುಗೆ ಬಂದರೆ ಬೇಡ ಅನ್ನಬೇಡಿ.

ಕೊನೆಗೆ ಹೆದ್ದಾರಿಯ ಮಾತು. ಗುಬ್ಬಿಯ ಆ ಯುವಕನ ಹೆಸರಿನಲ್ಲಿ ನಮ್ಮ ರಾಜ್ಯ ಸಾಂತ್ವನ ಹರೀಶ್ ಯೋಜನೆ ತಂದಿತು, ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆಯ ಚಿಕಿತ್ಸೆಗೆಂದು. ಗಾಯಾಳುವನ್ನು ಆಸ್ಪತ್ರೆಗೆ ತಲುಪಿಸಿದವರಿಗೆ ರಕ್ಷಣೆ ಕೊಡುವ ಕಾಯ್ದೆಯನ್ನು ದೇಶದಲ್ಲೇ ಮೊದಲು ಮಾಡಿದ್ದೂ ನಾವೇ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ ಆ ರಕ್ಷಣೆ ಸೇರಿತು. ನಿಮ್ಮ ಹೆಸರು ಹೇಳಲೇಬೇಕೆಂದು ಪೊಲೀಸರು ಒತ್ತಾಯಿಸುವಂತಿಲ್ಲ. ಕೇಸು, ಕೋರ್ಟು ಎಂಬ ಹೆದರಿಕೆಗೆ ಈಗ ಆಧಾರವಿಲ್ಲ. ಹೊಸ ಕೆಲಸಕ್ಕೆ ಹೋಗುವ ದಾರಿಯಲ್ಲಿ ಯಾರಾದರೂ ಬಿದ್ದಿರುವುದು ಕಂಡರೆ ಗಾಡಿ ನಿಲ್ಲಿಸಿ, 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಅವರ ಪಕ್ಕದಲ್ಲೇ ಇರಿ. ಆಫೀಸಿಗೆ ತಡವಾದರೆ ಆಗಲಿ.