ದಂಡೂ ದಫ್ತರವೂ



ರಾಜ್ಯವು ಸೇನೆಯನ್ನು ಸಾಕುವುದೆಂಬುದು ಲೋಕರೂಢಿಯ ಮಾತು. ಪ್ರಷ್ಯಾದಲ್ಲಾದರೋ ಸೇನೆಯೇ ರಾಜ್ಯವನ್ನು ಕಟ್ಟಿತೆನ್ನಬೇಕು. 1713ರಲ್ಲಿ ಪಟ್ಟವೇರಿದ ಒಂದನೆಯ ಫ್ರೆಡರಿಕ್ ವಿಲಿಯಂ ದೊರೆಯು 1740ರಲ್ಲಿ ತೀರಿಕೊಂಡಾಗ ಅವನ ದಂಡು ಸುಮಾರು 80,000ಕ್ಕೆ, ಎಂದರೆ ಇಮ್ಮಡಿಗೆ, ಬೆಳೆದಿದ್ದಿತು. ಅಷ್ಟು ಬಾಯಿಗಳಿಗೆ ಅನ್ನವೊದಗಬೇಕಾದರೆ ತೆರಿಗೆಯ ಲೆಕ್ಕ ಕಾಸಿನಷ್ಟೂ ತಪ್ಪಬಾರದಷ್ಟೆ! ಆದುದರಿಂದಲೇ 1723ರಲ್ಲಿ ಯುದ್ಧ, ಹಣಕಾಸು, ಅರಸಿನ ಜಮೀನುಗಳು ಮೂರೂ ಒಂದೇ ದಫ್ತರದ ಕೆಳಗೆ ಬಂದುವು. 1733ರಿಂದ ಒಂದೊಂದು ರೆಜಿಮೆಂಟಿಗೂ ಒಂದೊಂದು ಸೀಮೆ ಗೊತ್ತಾಗಿ, ಹಳ್ಳಿಯ ಹುಡುಗರ ಹೆಸರುಗಳು ದಂಡಿನ ಪಟ್ಟಿಗೇರಿದುವು. ವರ್ಷದ ಬಹುಭಾಗ ಅವರು ಊರಿನಲ್ಲಿಯೇ ಉಳುತ್ತಿದ್ದರು. ಆದರೆ ಹೊಲದ ಒಡೆಯನೇ ಅನೇಕ ವೇಳೆ ದಂಡಿನ ಅಧಿಕಾರಿಯೂ ಆಗಿದ್ದುದರಿಂದ, ಕವಾಯತಿನ ವಿಧೇಯತೆ ನೇಗಿಲ ಸಾಲಿಗೂ ಇಳಿಯಿತು. ವಿಚಿತ್ರವೆಂದರೆ, ಈ ದೊರೆ ಯುದ್ಧಮಾಡಿದುದು ಬಹಳ ಕಡಮೆ. ಸಿದ್ಧವಾಗಿದ್ದ ಯಂತ್ರವನ್ನು ಮಗನು 1740ರ ಡಿಸೆಂಬರಿನಲ್ಲಿಯೇ ಸೈಲೀಷಿಯಾದ ಮೇಲೆ ನಡೆಸಿದನು.