ಮೊಹರು ಬಿದ್ದ ಶಾಲೆ

ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿಯ ಮೇಲಿರುವ ನಮ್ಮ ಕೆರೂರಿನವರಿಗೆ ಹುಬ್ಬಳ್ಳಿ ಪರಸ್ಥಳವಲ್ಲ. ಪೇಟೆಗೆ, ದವಾಖಾನೆಗೆ, ಬೀಗತನಕ್ಕೆ ಹೋಗಿ ಬರುವ ಊರು. ಅಲ್ಲಿ 1932ರ ಕಾಯಿದೆಭಂಗ ಚಳವಳಿಯ ಕಾಲದಲ್ಲಿ ಬ್ರಿಟಿಷ್ ಸರಕಾರವು ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಮೊಹರು ಜಡಿಯಿತು. ತೋಪು ಬಂದೂಕುಗಳುಳ್ಳ ಸಾಮ್ರಾಜ್ಯವೊಂದು ಪಾಟಿ ಹಿಡಿದ ಹುಡುಗಿಯರಿಗೆ ಅಂಜಿದ್ದೇಕೆ? ಕೇಳುಗ ಮಿತ್ರರೆ, ಆ ಶಾಲೆ ನಡೆಸುತ್ತಿದ್ದ ಉಮಾಬಾಯಿ ಕುಂದಾಪುರ ಅವರ ಬಗ್ಗೆ ಎರಡು ಮಾತು ಹೇಳಬಯಸುತ್ತೇನೆ.

1892ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಭವಾನಿ ಗೋಳಿಕೇರಿ ಎಂಬ ಬಾಲೆ ಎಳೆಯ ವಯಸ್ಸಿನಲ್ಲೇ ಸಂಜೀವರಾವ್ ಕುಂದಾಪುರರ ಕೈಹಿಡಿದು ಉಮಾಬಾಯಿಯಾದಳು. ಬಾಲ್ಯವಿವಾಹವನ್ನು ನಿರ್ಬಂಧಿಸಿದ ಶಾರದಾ ಕಾಯಿದೆ ಬಂದುದು 1929ರಲ್ಲಿ. ಅಂದು ಹುಡುಗಿಯ ಮದುವೆಯೆಂದರೆ ಅವಳ ಪುಸ್ತಕಕ್ಕೆ ಮುಕ್ತಾಯ. ಆದರೆ ಮಾವ ಆನಂದರಾಯರು ಸೊಸೆಯನ್ನು ಮೆಟ್ರಿಕ್‌ವರೆಗೆ ಓದಿಸಿದರು. ಮುಂಬಯಿಯ ಗಾಂವದೇವಿ ಮಹಿಳಾ ಸಮಾಜದಲ್ಲಿ ತಮ್ಮೊಡನೆ ಸ್ತ್ರೀಯರಿಗೆ ಪಾಠ ಹೇಳಲು ಹಚ್ಚಿದರು. ಉಮಾಬಾಯಿಯವರನ್ನು ಹೊಗಳುವವರು ಈ ಮಾವನನ್ನು ಒಂದೇ ವಾಕ್ಯದಲ್ಲಿ ಮುಗಿಸುವುದುಂಟು. ನನಗದು ಒಪ್ಪಿಗೆಯಿಲ್ಲ. ಹೈಸ್ಕೂಲು ದೂರ, ಕಾಲ ಕೆಟ್ಟದ್ದು ಎಂದು ಮಗಳನ್ನು ಶಾಲೆ ಬಿಡಿಸುವ ತಂದೆ ನಮ್ಮ ಕಡೆ ಇಂದಿಗೂ ಇದ್ದಾನೆ. ಆತ ಕೆಟ್ಟವನಲ್ಲ, ನೆರೆಯವರ ಮಾತಿಗೆ ಹೆದರಿದವನು. ಆನಂದರಾಯರು ಹೆದರಲಿಲ್ಲ, ಅಷ್ಟೇ ವ್ಯತ್ಯಾಸ.

ಚಿಕ್ಕ ಪ್ರಾಯದಲ್ಲೇ ಉಮಾಬಾಯಿ ಪತಿಯನ್ನು ಕಳೆದುಕೊಂಡರು. ಶುಭಕಾರ್ಯದಲ್ಲಿ ವಿಧವೆ ಎದುರಿಗೆ ಬರಬಾರದೆಂದು ನಂಬಿದ ಸಮಾಜವದು. ಮಾವ-ಸೊಸೆ ಹುಬ್ಬಳ್ಳಿಗೆ ಬಂದು ನೆಲೆಸಿದರು. ಅವರು ಕರ್ನಾಟಕ ಮುದ್ರಣಾಲಯ ತೆರೆದರು. ಇವರು ಭಗಿನಿ ಮಂಡಲವನ್ನು ಕಟ್ಟಿದರು, ಡಾ. ನಾ. ಸು. ಹರ್ಡೀಕರರು ಆರಂಭಿಸಿದ ತಿಲಕ ಕನ್ಯಾಶಾಲೆಯ ಭಾರವನ್ನೂ ಹೊತ್ತರು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆದಾಗ 150ಕ್ಕೂ ಮಿಕ್ಕಿ ಸ್ವಯಂಸೇವಕಿಯರನ್ನು ಕೂಡಿಸಿದರು. ಅವರಲ್ಲಿ ವಿಧವೆಯರೂ ಇದ್ದರು. ಒಬ್ಬೊಬ್ಬ ಹೆಂಗಸು ಹೊಸ್ತಿಲು ದಾಟಬೇಕಾದರೆ ಅತ್ತೆ, ಗಂಡ, ಮೈದುನ, ಓಣಿಯ ಹಿರಿಯರು ಇಷ್ಟೂ ಮಂದಿಯ ಮನಸ್ಸು ಸಡಿಲಬೇಕು. ಪೋಲೀಸರ ಎದುರು ನಿಲ್ಲುವುದಕ್ಕಿಂತ ಇದೇ ಕಠಿಣವಾದ ಕೆಲಸವೆಂದು ನನ್ನ ಅಭಿಪ್ರಾಯ. ಪೋಲೀಸರು ಪರಕೀಯರ ಆಳುಗಳು, ಅತ್ತೆ ನಮ್ಮವಳು.

ಸರಕಾರ ಅಂಜಿದ್ದೂ ಇದಕ್ಕೇ. ಅಕ್ಷರ ಕಲಿತ ಮನೆಯ ಹೆಣ್ಣು ಚರಕ ಹಿಡಿದಳು, ಸಭೆಗೆ ಬಂದಳು. 1932ರಲ್ಲಿ ಉಮಾಬಾಯಿಯವರನ್ನು ಬಂಧಿಸಿ ನಾಲ್ಕು ತಿಂಗಳು ಯರವಡಾ ಸೆರೆಮನೆಯಲ್ಲಿಟ್ಟರು. ಮಾವ ತೀರಿಕೊಂಡ ಸುದ್ದಿ ಅಲ್ಲಿಯೇ ಬಂದು ಮುಟ್ಟಿತು. ಹೊರಬಂದು ನೋಡಿದರೆ ಮುದ್ರಣಾಲಯ ಜಪ್ತಿಯಾಗಿದೆ, ಭಗಿನಿ ಮಂಡಲ ಕಾಯಿದೆಬಾಹಿರವಾಗಿದೆ, ಶಾಲೆಗೆ ಮೊಹರು ಬಿದ್ದಿದೆ. ಉಳಿದದ್ದು ಮನೆಯೊಂದೇ. ಜೈಲಿನಿಂದ ಬಿಡುಗಡೆಯಾಗಿ, ತಿರುಗಿ ಹೋಗಲು ದಿಕ್ಕಿಲ್ಲದ ಸತ್ಯಾಗ್ರಹಿ ಸ್ತ್ರೀಯರಿಗೆ ಆ ಮನೆಯ ಬಾಗಿಲು ತೆರೆದರು.

1946ರಲ್ಲಿ ಕಸ್ತೂರಬಾ ಟ್ರಸ್ಟಿನ ಕರ್ನಾಟಕ ಶಾಖೆಯ ಹೊಣೆಯನ್ನು ಗಾಂಧೀಜಿ ಇವರಿಗೊಪ್ಪಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಪದವಿಗಳು ಬೇಡವೆಂದರು. ತಾಮ್ರಪತ್ರ, ನಿವೃತ್ತಿವೇತನಗಳನ್ನೂ ಒಲ್ಲೆನೆಂದರು. 1992ರಲ್ಲಿ ನಿಧನರಾಗುವವರೆಗೆ ಅವರ ವಾಸ ಹುಬ್ಬಳ್ಳಿಯ ಒಂದು ಚಿಕ್ಕ ಮನೆಯಲ್ಲಿ. ಮನೆಯ ಹೆಸರು ‘ಆನಂದ ಸ್ಮೃತಿ’.