ಸೂರಿಲ್ಲದವರು, ಕಾನೂನು ಮತ್ತು ಕೊಡುವ ಕೈ

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಶಿಕ್ಷಣ ಸಂಸ್ಥೆಯೊಂದರ ವೇದಿಕೆಯಲ್ಲಿ ಸಾಮಾನ್ಯವಾಗಿ ಫಲಿತಾಂಶ, ವಿದ್ಯಾರ್ಥಿವೇತನ, ಸ್ಪರ್ಧಾತ್ಮಕ ಪರೀಕ್ಷೆಗಳ ಬಗ್ಗೆ ಮಾತನಾಡುತ್ತೇವೆ. ಅವೆಲ್ಲ ಅಗತ್ಯವೇ. ಆದರೆ ಇಂದು ನಾನು ಶಾಲೆಯ ಗೇಟಿನ ಹೊರಗೆ, ಬಸ್ ನಿಲ್ದಾಣದಲ್ಲಿ, ಮಸೀದಿಯ ಮೆಟ್ಟಿಲ ಬಳಿ ಇರುವ ಜನರ ಬಗ್ಗೆ ನಾಲ್ಕು ಮಾತು ಹೇಳಲು ಬಯಸುತ್ತೇನೆ. ಮಲಗಲು ಸೂರಿಲ್ಲದವರನ್ನು ನಮ್ಮ ನಗರಗಳು ಹೇಗೆ ನಡೆಸಿಕೊಳ್ಳುತ್ತವೆ? ಅವರಿಗೆ ಕೈ ಚಾಚುವವರನ್ನು ಹೇಗೆ ನೋಡುತ್ತವೆ? ಇದರಲ್ಲಿ ನಮ್ಮ ಹೊಣೆ ಏನು? ಇವೇ ನನ್ನ ಮಾತಿನ ವಿಷಯ.

ಭಾಷಾ ಶಿಕ್ಷಕನಾದ ಕಾರಣ ಪದಗಳಿಂದಲೇ ಆರಂಭಿಸುತ್ತೇನೆ. ಉರ್ದುವಿನಲ್ಲಿ 'ಬೇಘರ್' ಎಂದರೆ ಮನೆಯಿಲ್ಲದವನು. 'ಭಿಕಾರಿ' ಎಂದರೆ ಬೇಡುವವನು. ಕನ್ನಡದಲ್ಲಿಯೂ 'ನಿರಾಶ್ರಿತ' ಬೇರೆ, 'ಭಿಕ್ಷುಕ' ಬೇರೆ. ಮನೆಯಿಲ್ಲದವರೆಲ್ಲ ಬೇಡುವವರಲ್ಲ. ಗಾರೆ ಕೆಲಸದವರು, ಹಮಾಲರು, ಚಿಂದಿ ಆಯುವವರು, ಮದುವೆ ಮಂಟಪಗಳಲ್ಲಿ ಪಾತ್ರೆ ತೊಳೆಯುವವರು ಹಗಲೆಲ್ಲ ದುಡಿದು ರಾತ್ರಿ ಫುಟ್‌ಪಾತಿನಲ್ಲಿ ಮಲಗುತ್ತಾರೆ. 2011ರ ಜನಗಣತಿಯಲ್ಲಿ ದೇಶದಲ್ಲಿ ಸುಮಾರು 17 ಲಕ್ಷ 73 ಸಾವಿರ ಜನರು ವಸತಿಹೀನರು ಎಂದು ದಾಖಲಾಯಿತು. ಇವರಲ್ಲಿ 9 ಲಕ್ಷ 38 ಸಾವಿರದಷ್ಟು ಜನ ನಗರವಾಸಿಗಳು. ಇವರನ್ನೆಲ್ಲ ಒಂದೇ ಮಾತಿನಲ್ಲಿ ಭಿಕ್ಷುಕರು ಎಂದುಬಿಟ್ಟರೆ ಅವರ ದುಡಿಮೆಯನ್ನು ನಾವು ಅಳಿಸಿಹಾಕಿದಂತೆ.

ಆದರೆ ಕಾನೂನು ಈ ವ್ಯತ್ಯಾಸವನ್ನು ಸದಾ ನೋಡುವುದಿಲ್ಲ. ನಮ್ಮ ರಾಜ್ಯದಲ್ಲಿ 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಅಧಿನಿಯಮವಿದೆ. ಅದಕ್ಕೂ ಮುನ್ನ ಮೈಸೂರು ಸಂಸ್ಥಾನದಲ್ಲಿ 1944ರಲ್ಲೇ ಇಂಥ ಕಾನೂನು ಬಂದಿತ್ತು. ಕೈಯೊಡ್ಡಿ ಬೇಡುವವನನ್ನಷ್ಟೇ ಈ ಕಾನೂನು ಭಿಕ್ಷುಕ ಎನ್ನುವುದಿಲ್ಲ. ಕಣ್ಣಿಗೆ ಕಾಣುವ ಜೀವನಾಧಾರವಿಲ್ಲದೆ, ಬೇಡಿ ಬದುಕುವವನಂತೆ ತೋರುವ ಸ್ಥಿತಿಯಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ, ದೇವಸ್ಥಾನ ಮಸೀದಿಗಳ ಬಳಿ ಅಲೆಯುವವನೂ ಅದರ ವ್ಯಾಖ್ಯೆಯೊಳಗೆ ಬರುತ್ತಾನೆ. ಅಂದರೆ ಹರಿದ ಬಟ್ಟೆ, ಕೆದರಿದ ಕೂದಲು, ಕೈಯಲ್ಲೊಂದು ಗಂಟು ಇದ್ದರೆ ಸಾಕು, ಅನುಮಾನಕ್ಕೆ ದಾರಿಯಾಗುತ್ತದೆ. ಹಾಗೆ ಹಿಡಿದವರನ್ನು ಕೇಂದ್ರಗಳಲ್ಲಿ ವರ್ಷಗಟ್ಟಲೆ ಇರಿಸಿಕೊಳ್ಳಲು ಅವಕಾಶವಿದೆ. ಆ ಕೇಂದ್ರದ ಹೆಸರು ಗಮನಿಸಿ: 'ನಿರಾಶ್ರಿತರ ಪರಿಹಾರ ಕೇಂದ್ರ'. ಕಾನೂನಿನ ಹೆಸರಿನಲ್ಲಿ ನಿಷೇಧ, ಕಟ್ಟಡದ ಹೆಸರಿನಲ್ಲಿ ಪರಿಹಾರ!

ಇದಕ್ಕೆ ಹಣ ಎಲ್ಲಿಂದ ಬರುತ್ತದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ನಾವು ಕಟ್ಟುವ ಆಸ್ತಿ ತೆರಿಗೆಯ ರಸೀದಿಯನ್ನು ಬಿಡಿಸಿ ನೋಡಿ. ಗ್ರಂಥಾಲಯ ಕರ, ಆರೋಗ್ಯ ಕರಗಳ ಜೊತೆಗೆ ಭಿಕ್ಷುಕರ ಕರ ಎಂಬುದೊಂದಿದೆ. ಅದು ತೆರಿಗೆಯ ಶೇಕಡ 3ರಷ್ಟು. ಹಾಗಾಗಿ ಮನೆ, ಅಂಗಡಿ ಇರುವ ಪ್ರತಿಯೊಬ್ಬ ಸದಸ್ಯರೂ ವರ್ಷ ವರ್ಷ ಈ ಜನರ ಹೆಸರಿನಲ್ಲಿ ಹಣ ಕೊಡುತ್ತಿದ್ದಾರೆ. ಕೊಟ್ಟ ಮೇಲೆ ಅದು ಹೇಗೆ ಖರ್ಚಾಯಿತು ಎಂದು ಕೇಳುವ ಹಕ್ಕೂ ನಮಗಿದೆ.

ಕೇಳದೇ ಹೋದರೆ ಏನಾಗುತ್ತದೆ ಎಂಬುದನ್ನು 2010ರ ಆಗಸ್ಟ್ ತಿಂಗಳು ತೋರಿಸಿತು. ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ, ಅಂದರೆ ಜನರು ಬೆಗ್ಗರ್ಸ್ ಕಾಲೊನಿ ಎಂದು ಕರೆಯುವ ಜಾಗದಲ್ಲಿ, ಕೆಲವೇ ದಿನಗಳಲ್ಲಿ ಹತ್ತಾರು ಮಂದಿ ಸತ್ತರು. ವಾಂತಿ, ಭೇದಿ, ಕಿಕ್ಕಿರಿದ ಕೋಣೆಗಳು, ಕೊಳಕು, ಚಿಕಿತ್ಸೆಯ ಕೊರತೆ ಪತ್ರಿಕೆಗಳಲ್ಲಿ ವರದಿಯಾದವು. ಆಗ ಮಾತ್ರ ಅಷ್ಟು ಜನ ಅಲ್ಲಿದ್ದರು ಎಂಬುದು ನಗರಕ್ಕೆ ತಿಳಿಯಿತು. ರಸ್ತೆ ಚೊಕ್ಕಟವಾಗಿ ಕಂಡಿತೆಂದು ನಾವು ಸಂತೋಷಪಟ್ಟೆವು, ಅಲ್ಲಿದ್ದವರು ಎಲ್ಲಿಗೆ ಹೋದರೆಂದು ಕೇಳಲಿಲ್ಲ. ಕಣ್ಣಿಗೆ ಮರೆಯಾದ ಬಡತನವನ್ನು ತೀರಿದ ಬಡತನ ಎಂದು ತಿಳಿಯುವುದು ನಗರಗಳ ಹಳೆಯ ಚಾಳಿ.

ನ್ಯಾಯಾಲಯಗಳು ಬೇರೆ ದಾರಿ ತೋರಿಸಿವೆ ಎಂಬುದು ಸಮಾಧಾನದ ಸಂಗತಿ. ಮುಂಬಯಿಯ ಫುಟ್‌ಪಾತ್ ನಿವಾಸಿಗಳ ಪ್ರಕರಣದಲ್ಲಿ, ಒಲ್ಗಾ ಟೆಲ್ಲಿಸ್ ಪ್ರಕರಣವೆಂದೇ ಅದು ಪ್ರಸಿದ್ಧ, ಸುಪ್ರೀಂ ಕೋರ್ಟು 1985ರಲ್ಲಿ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದಿತು. ಆದರೆ ಅದೇ ತೀರ್ಪು ನೋಟಿಸು ಕೊಟ್ಟು ತೆರವು ಮಾಡಲು ಪಾಲಿಕೆಗೆ ಅವಕಾಶವನ್ನೂ ಕೊಟ್ಟಿತು. 2010ರಲ್ಲಿ ದಿಲ್ಲಿಯ ಕೊರೆಯುವ ಚಳಿಯಲ್ಲಿ ತಾತ್ಕಾಲಿಕ ಆಶ್ರಯವೊಂದನ್ನು ಕೆಡವಿದ ನಂತರ ವಿಷಯ ಮತ್ತೆ ಸುಪ್ರೀಂ ಕೋರ್ಟಿನ ಮುಂದೆ ಬಂತು. ದೊಡ್ಡ ನಗರಗಳಲ್ಲಿ ಪ್ರತಿ 1 ಲಕ್ಷ ಜನಸಂಖ್ಯೆಗೆ ಒಂದರಂತೆ ಹಗಲಿರುಳು ತೆರೆದಿರುವ ಆಶ್ರಯ ಕೇಂದ್ರ ಇರಬೇಕು ಎಂಬ ಅಳತೆ ಆಗ ಸ್ಥಿರವಾಯಿತು. 2013ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ನಗರ ಜೀವನೋಪಾಯ ಯೋಜನೆಯೂ ಇದೇ ಅಳತೆಯನ್ನು ಹಿಡಿಯಿತು. 2018ರ ಆಗಸ್ಟ್ 8ರಂದು ದಿಲ್ಲಿ ಹೈಕೋರ್ಟು ಆ ನಗರದಲ್ಲಿ ಭಿಕ್ಷಾಟನೆಯನ್ನು ಅಪರಾಧವೆಂದ ಕಲಮುಗಳನ್ನು ರದ್ದುಪಡಿಸಿತು. 2021ರ ಜುಲೈನಲ್ಲಿ, ಕೋವಿಡ್ ಕಾಲದಲ್ಲಿ ಭಿಕ್ಷುಕರನ್ನು ರಸ್ತೆಗಳಿಂದ ತೆಗೆಯಬೇಕೆಂಬ ಕೋರಿಕೆ ಬಂದಾಗ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಬೇರೆ ದಾರಿ ಇದ್ದಿದ್ದರೆ ಯಾರೂ ಬೇಡುತ್ತಿರಲಿಲ್ಲ ಎಂಬುದು ಅದರ ನಿಲುವಿನ ಸಾರಾಂಶ.

ಇನ್ನು ಸಹಾಯ ಮಾಡುವವರ ವಿಷಯಕ್ಕೆ ಬರೋಣ. ಮಧ್ಯಪ್ರದೇಶದ ಇಂದೋರ್ ದೇಶದ ಅತ್ಯಂತ ಸ್ವಚ್ಛ ನಗರವೆಂದು ವರ್ಷ ವರ್ಷ ಪ್ರಶಸ್ತಿ ಪಡೆದ ಊರು. 2021ರ ಜನವರಿಯಲ್ಲಿ ಅಲ್ಲಿನ ಪಾಲಿಕೆಯ ಸಿಬ್ಬಂದಿ ಸೂರಿಲ್ಲದ ವೃದ್ಧರನ್ನು ಲಾರಿಯಲ್ಲಿ ತುಂಬಿಸಿ, ಊರ ಹೊರಗೆ ಕ್ಷಿಪ್ರಾ ಬಳಿ ಇಳಿಸಲು ಹೋದರು. ನಡೆಯಲಾಗದವರೂ ಅವರಲ್ಲಿದ್ದರು. ಸ್ಥಳೀಯರು ತಡೆದು, ವಿಡಿಯೋ ಮಾಡಿ ಪ್ರಶ್ನಿಸಿದಾಗ ಅವರನ್ನು ಮತ್ತೆ ಲಾರಿ ಹತ್ತಿಸಬೇಕಾಯಿತು. ಅಧಿಕಾರಿಯೊಬ್ಬರು ಅಮಾನತಾದರು. ಆ ದಿನ ಆ ವೃದ್ಧರ ಮಾನ ಉಳಿಸಿದ್ದು ಯಾವ ಕಾನೂನೂ ಅಲ್ಲ, ದಾರಿಯಲ್ಲಿ ನಿಂತು 'ಇದೇನು ಮಾಡುತ್ತಿದ್ದೀರಿ' ಎಂದು ಕೇಳಿದ ಸಾಮಾನ್ಯ ಜನ.

ಅದೇ ಇಂದೋರ್‌ನಲ್ಲಿ 2025ರ ಜನವರಿ 1ರಿಂದ ಭಿಕ್ಷೆ ನೀಡುವವರ ಮೇಲೂ ಎಫ್‌ಐಆರ್ ದಾಖಲಿಸುವುದಾಗಿ ಜಿಲ್ಲಾಡಳಿತ ಪ್ರಕಟಿಸಿತು. ಆ ತಿಂಗಳೇ, ದೇವಸ್ಥಾನದ ಹೊರಗೆ ಒಬ್ಬರಿಗೆ ಹತ್ತು ರೂಪಾಯಿ ಕೊಟ್ಟ ಅಪರಿಚಿತನ ಮೇಲೆ ಪ್ರಕರಣ ದಾಖಲಾಯಿತು. ಫೆಬ್ರವರಿಯಲ್ಲಿ ಭೋಪಾಲ್ ಜಿಲ್ಲಾಡಳಿತವೂ ಇಂಥದೇ ಆದೇಶ ಹೊರಡಿಸಿತು. ಇದು ನಮ್ಮ ದೇಶದಲ್ಲಷ್ಟೇ ನಡೆದದ್ದಲ್ಲ. ಅಮೆರಿಕದ ಫೋರ್ಟ್ ಲಾಡರ್‌ಡೇಲ್ ನಗರದಲ್ಲಿ 2014ರಲ್ಲಿ ಅರ್ನಾಲ್ಡ್ ಅಬಟ್ ಎಂಬ 90 ವರ್ಷದ ವೃದ್ಧರು ಸಾರ್ವಜನಿಕ ಸ್ಥಳದಲ್ಲಿ ಸೂರಿಲ್ಲದವರಿಗೆ ಊಟ ಬಡಿಸಿದ್ದಕ್ಕೆ ಪೊಲೀಸರು ಕ್ರಮ ಕೈಗೊಂಡರು. ಮುಂದೆ 2018ರಲ್ಲಿ ಅದೇ ನಗರದ ಇನ್ನೊಂದು ಪ್ರಕರಣದಲ್ಲಿ, ಹೀಗೆ ಅನ್ನ ಹಂಚುವುದು ಸಂವಿಧಾನದ ರಕ್ಷಣೆಯಿರುವ ಅಭಿವ್ಯಕ್ತಿ ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು.

ಆಡಳಿತದವರ ವಾದವನ್ನೂ ನ್ಯಾಯವಾಗಿ ಕೇಳಬೇಕು. ಮಕ್ಕಳನ್ನು ಭಿಕ್ಷೆಗೆ ಬಿಟ್ಟು ಹಣ ಮಾಡುವವರಿದ್ದಾರೆ. ಸಿಗ್ನಲ್ಲಿನಲ್ಲಿ ಬೀಳುವ ಪ್ರತಿ ನಾಣ್ಯವೂ ಆ ಮಗು ನಾಳೆಯೂ ಅಲ್ಲೇ ನಿಲ್ಲಲು ಕಾರಣವಾಗಬಹುದು. ಹಿಡಿದವರಲ್ಲಿ ಕೆಲವರಿಗೆ ಚಿಕಿತ್ಸೆ, ಕೆಲಸ ದೊರೆತದ್ದೂ ಉಂಟು. ಇದೆಲ್ಲ ನಿಜ. ಆದರೆ ಮಗುವನ್ನು ದುಡಿಸುವವನನ್ನು ಹಿಡಿಯಲು ಬೇರೆ ಕಾನೂನುಗಳಿವೆ. ಹಸಿದವನಿಗೆ ರೊಟ್ಟಿ ಕೊಟ್ಟವನನ್ನೂ ಆ ದಂಧೆಕೋರನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆಶ್ರಯದ ಬಾಗಿಲು ತೆರೆಯುವ ಮೊದಲೇ ದಾನದ ಬಾಗಿಲು ಮುಚ್ಚಿದರೆ, ಆ ರಾತ್ರಿ ಆ ಮನುಷ್ಯ ಎಲ್ಲಿಗೆ ಹೋಗಬೇಕು?

ಸಹೋದರರೇ, ನಮ್ಮ ದೀನ್ ಈ ಬಗ್ಗೆ ಏನು ಕಲಿಸುತ್ತದೆ? ಜಕಾತಿನ ಎಂಟು ಬಾಬತ್ತುಗಳಲ್ಲಿ ಫಕೀರರು, ಮಿಸ್ಕೀನರು ಮಾತ್ರವಲ್ಲ, ದಾರಿಯಲ್ಲಿ ಸಿಲುಕಿದ ಮುಸಾಫಿರನೂ ಇದ್ದಾನೆ. ಪವಿತ್ರ ಕುರ್‌ಆನ್ ಕೇಳುವವನ ಪಾಲನ್ನು ಹೇಳುವಾಗ, ಬಾಯಿಬಿಟ್ಟು ಕೇಳದ ವಂಚಿತನ ಪಾಲನ್ನೂ ಜೊತೆಗೇ ಹೇಳುತ್ತದೆ, ಮತ್ತು ಅದನ್ನು ಉಪಕಾರವೆನ್ನದೆ ಹಕ್ಕು ಎನ್ನುತ್ತದೆ. ಮದೀನಾದ ಪ್ರವಾದಿಯವರ ಮಸೀದಿಯ ಒಂದು ಚಾವಣಿಯ ಕೆಳಗೆ 'ಅಸ್ಹಾಬೆ ಸುಫ್ಫಾ' ವಾಸವಾಗಿದ್ದರು. ಮನೆ, ಆಸ್ತಿ, ಬಂಧುಬಳಗ ಇಲ್ಲದ ಬಡವರು ಅವರು. ಅವರನ್ನು ಯಾರೂ ಊರ ಹೊರಗೆ ಕಳಿಸಲಿಲ್ಲ. ಮಸೀದಿಯೇ ಅವರಿಗೆ ಸೂರಾಯಿತು, ಶಾಲೆಯೂ ಆಯಿತು. ಅಸಂಖ್ಯ ಹದೀಸ್‌ಗಳನ್ನು ಲೋಕಕ್ಕೆ ತಲುಪಿಸಿದ ಹಜ್ರತ್ ಅಬೂ ಹುರೈರಾ (ರ) ಅವರೂ ಆ ಸೂರಿಲ್ಲದವರಲ್ಲೇ ಒಬ್ಬರು.

ಇನ್ನೊಂದು ಪ್ರಸಂಗ ಅಬೂ ದಾವೂದ್ ಸಂಗ್ರಹದಲ್ಲಿದೆ. ಬೇಡಲು ಬಂದ ಒಬ್ಬ ಅನ್ಸಾರಿಯ ಮನೆಯಲ್ಲಿದ್ದ ಹೊದಿಕೆ ಮತ್ತು ಬಟ್ಟಲನ್ನು ಪ್ರವಾದಿ (ಸ) ತರಿಸಿ, ಹರಾಜು ಹಾಕಿ ಎರಡು ದಿರ್ಹಮ್‌ಗೆ ಮಾರಿದರು. ಒಂದು ದಿರ್ಹಮ್ ಮನೆಯ ಊಟಕ್ಕೆ, ಇನ್ನೊಂದು ಕೊಡಲಿಗೆ. ಕೊಡಲಿಗೆ ತಮ್ಮ ಕೈಯಿಂದಲೇ ಕಾವು ಹಾಕಿಕೊಟ್ಟು ಸೌದೆ ಕಡಿದು ಮಾರಲು ಕಳಿಸಿದರು. ಹದಿನೈದು ದಿನಗಳ ನಂತರ ಆತ ಹತ್ತು ದಿರ್ಹಮ್ ಗಳಿಸಿ ಬಂದ. ಇದರಲ್ಲಿ ಕ್ರಮ ಗಮನಿಸಿ. ಮೊದಲು ಮನೆಯವರ ಹೊಟ್ಟೆ, ಜೊತೆಗೇ ದುಡಿಮೆಯ ಸಾಧನ. ಬೇಡಬೇಡ ಎಂದು ಹೇಳುವ ಮುನ್ನ ಕೈಗೆ ಕೊಡಲಿ ಕೊಡಬೇಕು. ನಮ್ಮ ನಗರಗಳ ನೀತಿಯಲ್ಲಿ ತಪ್ಪಿರುವುದು ಈ ಕ್ರಮವೇ.

ಹಾಗಾದರೆ ನಾವೇನು ಮಾಡಬಹುದು? ನನ್ನ ಸಲಹೆಗಳು ಇಷ್ಟೇ.

ಒಂದು, ನಮ್ಮ ಊರಿನ ಜನಸಂಖ್ಯೆ ಎಷ್ಟು, ಆಶ್ರಯ ಕೇಂದ್ರಗಳೆಷ್ಟು, ಭಿಕ್ಷುಕರ ಕರದಿಂದ ಎಷ್ಟು ಸಂಗ್ರಹವಾಗಿ ಎಷ್ಟು ಸಂದಾಯವಾಗಿದೆ ಎಂದು ಮಾಹಿತಿ ಹಕ್ಕಿನಡಿ ಸಂಸ್ಥೆಯ ಪರವಾಗಿ ಅರ್ಜಿ ಹಾಕೋಣ. ಹತ್ತು ರೂಪಾಯಿಯ ಅರ್ಜಿ ಅದು.

ಎರಡು, ಜುಮಾದ ದಿನ, ರಂಜಾನಿನಲ್ಲಿ ಮಸೀದಿಯ ಮುಂದೆ ಸಾಲುಗಟ್ಟುವವರಿಗೆ ಚಿಲ್ಲರೆ ಹಾಕಿ ಹೋಗುವುದರ ಜೊತೆಗೆ ಒಂದಿಬ್ಬರ ಪಕ್ಕ ಕುಳಿತು ವಿಚಾರಿಸೋಣ. ಊರು ಯಾವುದು, ಕಾಯಿಲೆಯಿದೆಯೇ, ಪಿಂಚಣಿ ಬರುತ್ತಿದೆಯೇ? ವೃದ್ಧಾಪ್ಯ ವೇತನ, ವಿಧವಾ ವೇತನಕ್ಕೆ ಅರ್ಹರಾಗಿದ್ದೂ ಕಾಗದಪತ್ರವಿಲ್ಲದೆ ಬಿಟ್ಟುಹೋದವರು ಅವರಲ್ಲಿರುತ್ತಾರೆ. ಅರ್ಜಿ ಬರೆಯಬಲ್ಲ ಪದವೀಧರರು ನಮ್ಮಲ್ಲಿದ್ದಾರೆ. ಈ ಕೆಲಸವೂ ಸದಕಾ ಎಂದೇ ನಾನು ಭಾವಿಸುತ್ತೇನೆ.

ಮೂರು, ಇದು ನನ್ನ ವೃತ್ತಿಗೆ ಸೇರಿದ್ದು, ಹಾಗಾಗಿ ಒತ್ತಿ ಹೇಳುತ್ತೇನೆ. ರಸ್ತೆಬದಿಯ ಮಗುವಿಗೆ ಜನನ ಪ್ರಮಾಣಪತ್ರವಿಲ್ಲವೆಂದು ಶಾಲೆಯ ಬಾಗಿಲು ಮುಚ್ಚುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ದಾಖಲಾತಿ ನಿರಾಕರಿಸಬಾರದು. ಹತ್ತು ವರ್ಷದ ಮಗುವನ್ನು ಒಂದನೇ ತರಗತಿಯಲ್ಲಿ ಕೂರಿಸಿ ನಾಚಿಸದೆ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ಪಾಠ ಕೊಡಬೇಕು. ಇದನ್ನು ಮುಖ್ಯೋಪಾಧ್ಯಾಯರಿಗೆ ವಿನಯದಿಂದ ನೆನಪಿಸುವವರು ಬೇಕು. ಭಿಕ್ಷೆಗೆ ದೂಡಿದ ಮಗುವನ್ನು ಕಂಡರೆ 1098ಕ್ಕೆ ಕರೆ ಮಾಡಿ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಮುಂದೆ ಪಾಲಿಕೆಯ ಅಧಿಕಾರಿಗಳಾಗುತ್ತೀರಿ, ಪೊಲೀಸರಾಗುತ್ತೀರಿ, ವಕೀಲರಾಗುತ್ತೀರಿ, ಇನ್‌ಷಾ ಅಲ್ಲಾಹ್. ಒಂದು ದಿನ ನಿಮ್ಮ ಮೇಜಿನ ಮೇಲೂ ಒಂದು ಕಡತ ಬರುತ್ತದೆ: ಯಾರೋ ಗಣ್ಯರು ಬರುತ್ತಿದ್ದಾರೆ, ರಸ್ತೆ ತೆರವು ಮಾಡಿ ಎಂದು. ಆಗ ಸಹಿ ಹಾಕುವ ಮುನ್ನ ಒಂದೇ ಒಂದು ಪ್ರಶ್ನೆ ಬರೆಯಿರಿ: 'ಇವರನ್ನು ಎಲ್ಲಿಗೆ ಕಳಿಸಲಾಗುತ್ತದೆ?' ಉತ್ತರ ಬರುವವರೆಗೆ ಕಡತವನ್ನು ಮುಂದೆ ಕಳಿಸಬೇಡಿ. ನೀವು ಓದಿದ್ದಕ್ಕೆ ಅದಕ್ಕಿಂತ ದೊಡ್ಡ ಸಾರ್ಥಕತೆ ನನಗೆ ಕಾಣುವುದಿಲ್ಲ.

ಕೊಡುವ ಕೈಗೆ ವಿವೇಕವನ್ನೂ, ಆಳುವ ಕೈಗೆ ಕರುಣೆಯನ್ನೂ, ಬೇಡುವ ಕೈಗೆ ದುಡಿಮೆಯನ್ನೂ ಅಲ್ಲಾಹನು ದಯಪಾಲಿಸಲಿ. ಆಮೀನ್.